ನಾಲ್ಕನೇ ನಂಬರಿನ ಕೆಂಪಂಗಿ

ಜೆಕ್ಷೆನ್‌ನ ಮನೆಯ ಒಳಕೋಣೆಯಲ್ಲಿ ನೂರ ಮೂವತ್ತೆಂಟು ದೇಶಗಳು ಹ್ಯಾಂಗರಿಗೆ ನೇತುಬಿದ್ದಿದ್ದವು. ಮಗಳು ಬುರುಲ್ ಮದುವೆಯಾಗಿ ಹೋದಮೇಲೆ ಖಾಲಿಯಾದ ಕೋಣೆ ಅದು. ಕಿಟಕಿಗೆ ದಪ್ಪ ಕಪ್ಪು ಪರದೆ. ಬಿಸಿಲು ತಾಗಿದರೆ ಬ್ರೆಜಿಲಿನ ಹಳದಿ ಮಾಸುತ್ತದೆ, ಹಾಲೆಂಡಿನ ಕಿತ್ತಳೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಒಳಗೆ ಹೋಗುವವರು ಕೈ ತೊಳೆದುಕೊಂಡೇ ಹೋಗಬೇಕು. "ನಾನು ಹಿಟ್ಟು ಕಲಸೋ ಮುಂಚೆ ಕೂಡ ಇಷ್ಟು ಉಜ್ಜಿ ತೊಳ್ಕೊಳ್ಳಲ್ಲ" ಅನ್ನುತ್ತಿದ್ದಳು ಅವನ ಹೆಂಡತಿ ಉರ್ಕುಯಾ.

ಎಲ್ಲವೂ ದೇಶದ ತಂಡಗಳ ಫುಟ್‌ಬಾಲ್ ಅಂಗಿಗಳು. ಕ್ಲಬ್ಬುಗಳದ್ದು ಒಂದೂ ಇಲ್ಲ.

"ಕ್ಲಬ್ಬಿನ ಅಂಗಿ ಸಂಬಳದವನ ಅಂಗಿ" ಎಂಬುದು ಅವನ ವಾದ. "ನಾಳೆ ಪಕ್ಕದವನು ಜಾಸ್ತಿ ಕೊಡ್ತೀನಿ ಅಂದ್ರೆ ಇದನ್ನ ಬಿಚ್ಚಿ ಅದನ್ನ ಹಾಕ್ಕೊಳ್ತಾನೆ. ದೇಶದ್ದು ಹಾಗಲ್ಲ."

ನಾವೆಲ್ಲ ನಡುವಯಸ್ಸಿನಲ್ಲಿ, ದೊಡ್ಡ ಒಕ್ಕೂಟ ಒಡೆದಾಗ, ಒಂದು ದೇಶದ ಪಾಸ್‌ಪೋರ್ಟು ಒಪ್ಪಿಸಿ ಇನ್ನೊಂದು ದೇಶದ್ದು ಇಸಿದುಕೊಂಡವರು ಎಂದು ನಾನು ನೆನಪಿಸಿದರೆ, "ನೀನು ಪತ್ರಿಕೇಲಿ ಕರಡು ತಿದ್ದುತ್ತಿದ್ದವನು, ಬೇರೆಯವರ ತಪ್ಪು ಹುಡುಕಿಯೇ ಪಿಂಚಣಿ ತಗೊಂಡವನು" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನು ಮೂವತ್ತು ವರ್ಷ ಬಿಷ್ಕೆಕ್ಕಿನ ಟ್ರಾಲಿಬಸ್ ಡಿಪೋದಲ್ಲಿ ವಿದ್ಯುತ್ ಕೆಲಸ ಮಾಡಿದವನು. ಅಂಗಿಗಳು ಅವನಿಗೆ ಅಂಗಡಿಯಿಂದ ಬರುತ್ತಿರಲಿಲ್ಲ. ಜರ್ಮನಿಯಿಂದಲೋ ಕೊರಿಯಾದಿಂದಲೋ ಬಂದ ಹಳೇ ಬಟ್ಟೆಯ ಮೂಟೆಗಳನ್ನು ಬಜಾರಿನಲ್ಲಿ ಬಿಚ್ಚುವ ಹೆಂಗಸರು ಎದೆಯ ಮೇಲೆ ಲಾಂಛನ ಕಂಡರೆ ಇವನಿಗೆಂದು ಎತ್ತಿಡುತ್ತಿದ್ದರು. ಮಾಸ್ಕೋದಲ್ಲಿ ಗಾರೆ ಕೆಲಸಕ್ಕೆ ಹೋದ ಅಕ್ಕಪಕ್ಕದ ಹುಡುಗರು ಜೊತೆಗಾರರ ಹತ್ತಿರ ಕೇಳಿ ತರುತ್ತಿದ್ದರು. ಬಂದ ಅಂಗಿಯನ್ನು ಅವನು ಮೊದಲು ಒಳಮಗ್ಗುಲು ಮಾಡುತ್ತಿದ್ದ. ಲಾಂಛನದ ಹಿಂದೆ ಹೊಲಿಗೆ ನೋಡುತ್ತಿದ್ದ, ಕಂಕುಳ ಹತ್ತಿರ ಬಟ್ಟೆಯನ್ನು ಬೆರಳಲ್ಲಿ ಉಜ್ಜುತ್ತಿದ್ದ, ಕೊನೆಗೆ ಮೂಸುತ್ತಿದ್ದ. ಒಮ್ಮೆ ಅಲ್ಮಾಟಿಯಿಂದ ಒಬ್ಬ ವ್ಯಾಪಾರಿ ಉರುಗ್ವೆಯ ಅಂಗಿ ತಂದು, ಮೈದಾನದಲ್ಲಿ ಹಾಕಿದ್ದು ಎಂದು ಅಪ್ಪನ ಮೇಲೆ ಆಣೆ ಮಾಡಿದ. ಜೆಕ್ಷೆನ್ ಅದನ್ನು ಒಳಮಗ್ಗುಲು ಮಾಡಿ ನೋಡಿದ, ಹೆಂಡತಿಯ ಕಡೆ ತಿರುಗಿದ. ಉರ್ಕುಯಾ ವ್ಯಾಪಾರಿಯ ಬಟ್ಟಲಿಗೆ ಕಂಠಮಟ್ಟ ಚಹಾ ಹೊಯ್ದಳು. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲು ಹೊಯ್ಯುತ್ತಾರೆ. ಮುಗಿಯಲಿ, ಮತ್ತೆ ಹೊಯ್ಯೋಣ, ಇನ್ನಷ್ಟು ಹೊತ್ತು ಕೂತಿರಲಿ ಎಂದು. ತುಂಬಿ ಹೊಯ್ದರೆ ಕುಡಿದು ಏಳು ಎಂದರ್ಥ. ಆತ ಕುಡಿಯದೆಯೇ ಎದ್ದ.

ನೂರ ಮೂವತ್ತೆಂಟಿದ್ದರೂ ಕೋಣೆಯ ಬಾಗಿಲ ಎದುರಿನ ಗೋಡೆಯ ನಡುಮಧ್ಯೆ ಒಂದು ಮೊಳೆ ಖಾಲಿಯಿತ್ತು. ನೋಡಲು ಬಂದವರು ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ಕೇಳುತ್ತಿದ್ದರು. ಅದು ನಮ್ಮದೇ ದೇಶದ ಮೊಳೆ. ನಮ್ಮ ತಂಡದ ಈಚಿನ ಅಂಗಿಗಳು ಅವನ ಹತ್ತಿರ ಆರೋ ಏಳೋ ಇದ್ದವು. ಆ ಮೊಳೆ ಕಾಯುತ್ತಿದ್ದದ್ದು ಮೊದಲನೇ ವರ್ಷದ್ದಕ್ಕೆ.

"ಮನೇಲಿ ಊರವರ ಫೋಟೋ ಎಲ್ಲ ತೂಗುಹಾಕಿ, ಅಪ್ಪಂದು ಇಲ್ಲ ಅಂದ ಹಾಗೆ" ಅನ್ನುತ್ತಿದ್ದ.

ಆ ಅಂಗಿ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಗಿಂಬಾಯ್‌ನ ಪೆಟ್ಟಿಗೆಯಲ್ಲಿ.

ಸಗಿಂಬಾಯ್ ತಂಡದ ಬಟ್ಟೆ ನೋಡಿಕೊಳ್ಳುತ್ತಿದ್ದವನು. ದೇಶ ಹುಟ್ಟಿದ ಆ ವರ್ಷ ತಂಡಕ್ಕೆ ಒಂದೇ ಜೊತೆ ಅಂಗಿ ಇತ್ತೆಂದೂ, ಅದನ್ನು ತಾನೇ ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಒಗೆದು, ಬಿಸಿನೀರಿನ ಕೊಳವೆಯ ಮೇಲೆ ಒಣಗಿಸಿ, ಮಾರನೆ ದಿನದ ಆಟಕ್ಕೆ ಕೊಡುತ್ತಿದ್ದೆನೆಂದೂ ಹೇಳುತ್ತಿದ್ದ. ಅವುಗಳಲ್ಲಿ ಒಂದು ಅವನ ಹತ್ತಿರ ಉಳಿದಿತ್ತು. ಕೆಂಪು ಬಣ್ಣ, ಬೆನ್ನಿಗೆ ನಾಲ್ಕು. ಎಡಭುಜದಲ್ಲಿ ಹರಿದದ್ದನ್ನು ಅರ್ಧ ಆಟದ ವಿರಾಮದಲ್ಲಿ, ಬೇರೆ ದಾರ ಸಿಗದೆ, ಮೀನು ಹಿಡಿಯುವ ದಾರದಲ್ಲಿ ಹೊಲಿದಿದ್ದ.

"ನೀನು ಅಂಗಿ ಕೂಡಿಡ್ತೀಯ. ನಾನು ಒಗೆದವನು" ಅನ್ನುತ್ತಿದ್ದ ಜೆಕ್ಷೆನ್‌ಗೆ. "ಇಬ್ಬರಲ್ಲಿ ಯಾರದ್ದು ಅಂತ ಮುಲ್ಲಾನ್ನ ಕೇಳೋಣ."

"ಒಗೆದವನದ್ದು ಅನ್ನೋದಾದ್ರೆ ನನ್ನ ಮನೆಯೆಲ್ಲ ಉರ್ಕುಯಾದು."

"ಅಲ್ವಾ ಮತ್ತೆ?"

ನಾವು ಮೂವರೂ ಕ್ರೀಡಾಂಗಣದ ಹಿಂದಿನ ಚಹಾದಂಗಡಿಯಲ್ಲಿ ಪ್ರತಿ ಶುಕ್ರವಾರ ಸೇರುತ್ತಿದ್ದೆವು. ಹದಿನೈದು ವರ್ಷ ಅಲ್ಲಿ ಇದೇ ಮಾತು. ಜೆಕ್ಷೆನ್ ಇಟಲಿಯ ಎರಡು ಅಂಗಿ ಕೊಡುತ್ತೇನೆಂದ, ಟಿವಿ ಕೊಡುತ್ತೇನೆಂದ, ಒಂದು ಸಲ ಕುಡಿದು ಕುರಿ ಕೊಡುತ್ತೇನೆಂದ. ಸಗಿಂಬಾಯ್ ಕೇಳಿಸಿಕೊಂಡು, ಖುಷಿಯಿಂದ ಇಲ್ಲವೆನ್ನುತ್ತಿದ್ದ. ಕೊನೆಗೆ ಸಗಿಂಬಾಯ್‌ನ ಮಗ ಎರ್ನಿಸ್, ಜೆಕ್ಷೆನ್‌ನ ಮಗಳು ಬುರುಲ್‌ಳನ್ನು ಮದುವೆಯಾದ. ಅಂಗಿಗೋಸ್ಕರ ಮಗಳನ್ನೇ ಕೊಟ್ಟ ಎಂದು ಚಹಾದಂಗಡಿಯೆಲ್ಲ ನಕ್ಕಿತು. ಅವತ್ತಿನಿಂದ ಇಬ್ಬರೂ ಏಕವಚನ ಬಿಟ್ಟು 'ಬೀಗ್ರೇ, ಬನ್ನಿ, ಹೋಗಿ' ಶುರುಮಾಡಿದರು. ಮೊದಲು ತಮಾಷೆಗೆ. ಆಮೇಲೆ ಅಭ್ಯಾಸವಾಯಿತು.

ಬೀಗರಾದ ಮೇಲೆ ಕಿಯಿತ್ ಇದ್ದದ್ದೇ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಮುಂಜಿಗೆ, ಸಾವಿಗೆ, ಬೀಗರ ಮನೆಗೆ ಕಾಲಿಟ್ಟಿದ್ದಕ್ಕೆ, ಎಲ್ಲಕ್ಕೂ ಬಟ್ಟೆಯ ಪೊಟ್ಟಣ ಕೊಡಬೇಕು: ಒಂದು ಅಂಗಿ, ಒಂದು ಟೋಪಿ, ಅನುಕೂಲವಿದ್ದರೆ ನಿಲುವಂಗಿ. ಇಷ್ಟು ಪೊಟ್ಟಣಗಳನ್ನು ಯಾರೂ ತೊಡುವುದಿಲ್ಲ. ಬಿಚ್ಚುವುದೂ ಇಲ್ಲ. ಬೀರುವಿನಲ್ಲಿ ಇಟ್ಟು, ಮುಂದಿನ ಔತಣಕ್ಕೆ ಇನ್ನೊಬ್ಬ ಬೀಗರಿಗೆ ದಾಟಿಸುತ್ತಾರೆ. ಹೊಳೆಯುವ ಪ್ಲಾಸ್ಟಿಕ್ ಹರಿಯದಿದ್ದರೆ ಒಂದು ಅಂಗಿ ಇಸಿಕುಲ್ ಸರೋವರವನ್ನು ಎರಡು ಸುತ್ತು ಹಾಕಿ ಹೊರಟ ಮನೆಗೇ ಬಂದು ಸೇರುವುದುಂಟು. ಎಲ್ಲರಿಗೂ ಇದು ಗೊತ್ತು, ಯಾರೂ ಆಡುವುದಿಲ್ಲ. ಮನೆಯ ಹೆಂಗಸರು ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು: ಯಾರು ಕೊಟ್ಟದ್ದೋ ಅವರಿಗೇ ತಿರುಗಿ ಕೊಡಬಾರದು.

ಜೆಕ್ಷೆನ್ ಮಾತ್ರ ಒಂದು ಸಲ ಬಿಚ್ಚಿದ. ಮಗಳ ಮದುವೆಯ ದಿನ, ಇನ್ನೂರು ಜನರ ಎದುರು. ಸಗಿಂಬಾಯ್ ಕೊಟ್ಟ ಪೊಟ್ಟಣವನ್ನು ಕೈಗೆ ಬಂದೊಡನೆ ಹರಿದ. ಒಳಗೆ ಬಿಳಿ ಚೀನೀ ಅಂಗಿ. ಕತ್ತಿನ ಅಳತೆ ಮೂವತ್ತೊಂಬತ್ತು, ಅವನ ಕತ್ತು ನಲವತ್ತಮೂರು.

"ಏನು ಹುಡುಕ್ತಿದೀರಿ ಬೀಗ್ರೇ?" ಸಗಿಂಬಾಯ್ ಗಟ್ಟಿಯಾಗಿಯೇ ಕೇಳಿದ. "ಕೆಂಪು ಬಣ್ಣ ಇಷ್ಟ ಅಂತ ಮೊದಲೇ ಹೇಳಬಾರದಾ?"

ಜನ ನಕ್ಕರು. ಉರ್ಕುಯಾ ಮೇಜಿನ ಕೆಳಗೆ ಗಂಡನ ತೊಡೆ ಚಿವುಟಿದಳು. ಅವತ್ತು ಮನೆಗೆ ಬಂದು, ಇನ್ನುಮುಂದೆ ಆ ಮನೆಯ ಪೊಟ್ಟಣಕ್ಕೆ ಕೈ ಹಾಕುವುದಿಲ್ಲ ಎಂದು ಅವನು ಪ್ರತಿಜ್ಞೆ ಮಾಡಿದ. ಅವನ ಎಷ್ಟೋ ಪ್ರತಿಜ್ಞೆಗಳ ಗತಿ ನಾನು ಕಂಡವನು. ಇದೊಂದನ್ನು ಉಳಿಸಿಕೊಂಡ.

ಮೂರು ವರ್ಷದ ಹಿಂದೆ ಮೊಮ್ಮಗನಿಗೆ ಕಾಲುಕಟ್ಟು ಬಿಚ್ಚಿದರು. ಮಗು ನಡೆಯಲು ಶುರುಮಾಡಿದಾಗ ಕಾಲಿಗೆ ಕಪ್ಪುಬಿಳಿ ದಾರ ಕಟ್ಟಿ, ಓಡಿ ಗೆದ್ದವರ ಕೈಯಿಂದ ಕತ್ತರಿಸುವ ಔತಣ. ಅದಾದ ಕೆಲವು ವಾರಕ್ಕೆ ಸಗಿಂಬಾಯ್ ಶುಕ್ರವಾರದ ಚಹಾಕ್ಕೆ ಬರುವುದು ನಿಲ್ಲಿಸಿದ. ನಾನು ಮನೆಗೆ ಹೋಗಿ ಕೇಳಿದೆ.

"ಕಾಲು ನೋವು" ಅಂದ. ಆಮೇಲೆ, "ಕೊಟ್ಟವನು ಬಾಯಿ ಬಿಡಬಾರದು, ಸರಿ. ತಗೊಂಡವನೂ ಬಿಡಬಾರದು ಅಂತ ಇದೆಯೇನೋ?" ಅಂದ.

ಏನು ವಿಷಯ ಎಂದರೆ ಬೇರೆ ಮಾತೆತ್ತಿದ. ಜೆಕ್ಷೆನ್‌ಗೆ ಹೇಳಿದರೆ ಅವನು ಕೈ ಝಾಡಿಸಿದ.

"ಬರದಿದ್ರೆ ಬಿಡಲಿ. ನಾನೇನು ಕಡಿಮೆ ಮಾಡಿದೀನಿ? ಮಗಳನ್ನ ಕೊಟ್ಟೆ. ಮೊಮ್ಮಗನ್ನ ಕೊಟ್ಟೆ. ಒಂದು ಅಂಗಿ ಬರಲಿಲ್ಲ ಆ ಮನೆಯಿಂದ. ಮಣ್ಣಿಗೆ ಹೊತ್ಕೊಂಡು ಹೋಗ್ತಾನೆ, ನೋಡ್ತಿರು."

ಹೀಗೆ ಮೂರು ವರ್ಷ. ಒಬ್ಬ ಒಂದು ಮಾತಿಗೆ ಕಾಯುತ್ತಿದ್ದ, ಒಬ್ಬ ಒಂದು ಅಂಗಿಗೆ. ನಡುವೆ ನಾನು ಇಬ್ಬರ ಮನೆಯಲ್ಲೂ ಚಹಾ ಕುಡಿಯುತ್ತಿದ್ದೆ.

ಕಳೆದ ನವೆಂಬರಿನಲ್ಲಿ ಸಗಿಂಬಾಯ್‌ನ ಮೂತ್ರಪಿಂಡ ಕೈಕೊಟ್ಟಿತು. ಅಂಗಳದಲ್ಲಿ ಸಾವಿನ ಡೇರೆ ಎದ್ದಿತು. ಗಂಡಸರು ಕೋಲೂರಿಕೊಂಡು ಹೊರಗೆ ಸಾಲಾಗಿ ನಿಂತು ಬಂದವರೊಡನೆ ಸೇರಿ ಅತ್ತರು. ಹೆಣ ತೊಳೆಯಲು ಐವರು ಬೇಕು. ಬೀಗರ ಕಡೆಯಿಂದ ಒಬ್ಬ. ಸಾಮಾನ್ಯವಾಗಿ ಆ ಒಬ್ಬನನ್ನು ಹುಡುಕಿ, ಬೇಡಿ, ಕರೆದು ತರಬೇಕಾಗುತ್ತದೆ. ಜೆಕ್ಷೆನ್ ಯಾರೂ ಕೇಳುವ ಮುಂಚೆಯೇ ತೋಳು ಮಡಚಿ ನಿಂತಿದ್ದ. "ನೋಡಿ, ಬೀಗ ಅಂದ್ರೆ ಹೀಗಿರಬೇಕು" ಎಂದು ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ತೊಳೆದವರಿಗೆ ಸತ್ತವನ ಬಟ್ಟೆ ಸೇರುತ್ತದೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಚೆನ್ನಾಗಿಯೇ ತೊಳೆದನಂತೆ. ಬೆರಳ ಸಂದಿ, ಕಿವಿಯ ಹಿಂದೆ, ನಿಧಾನವಾಗಿ, ಬ್ರೆಜಿಲಿನ ಅಂಗಿ ತೊಳೆಯುವ ಹಾಗೆ.

ಮೂರನೇ ದಿನ ಕುಲಿಪಾ, ಸಗಿಂಬಾಯ್‌ನ ಹೆಂಡತಿ, ಬಟ್ಟೆ ಹಂಚಿದಳು. ಒಬ್ಬನಿಗೆ ಬೂಟು, ಒಬ್ಬನಿಗೆ ಸೂಟು. ಜೆಕ್ಷೆನ್‌ನ ಪಾಲಿಗೆ ತುಪ್ಪಳದ ಕಾಲರಿನ ಓವರ್‌ಕೋಟು ಬಂತು. ಇದ್ದದ್ದರಲ್ಲಿ ಒಳ್ಳೆಯದು ಅದೇ.

"ಬೀಗಿತಿ, ಇಷ್ಟು ದೊಡ್ಡದು ನನಗೆ ಬೇಡ" ಅಂದ ಅವನು. "ಆ ಕೆಂಪಂಗಿ ಕೊಟ್ಟರೆ ಸಾಕು. ಅವರ ನೆನಪಿಗೆ."

"ಯಾವ ಕೆಂಪಂಗಿ?"

"ಅದೇ, ನಾಲ್ಕನೇ ನಂಬರು. ಭುಜದ ಹತ್ರ ಹೊಲಿದದ್ದು."

ಕುಲಿಪಾ ಅವನ ಮುಖವನ್ನೇ ನೋಡಿದಳು. ಅತ್ತು ಅತ್ತು ಅವಳ ದನಿ ಕೂತುಹೋಗಿತ್ತು.

"ಅದು ನಿಮ್ಮ ಮನೇಲೇ ಇದೆಯಲ್ಲ ಬೀಗ್ರೇ."

ಜೆಕ್ಷೆನ್ ಕೋಟು ಹಿಡಿದುಕೊಂಡೇ ನಿಂತ.

"ಮಗೂಗೆ ಕಾಲುಕಟ್ಟು ಬಿಚ್ಚಿದ ದಿನ ಕೊಟ್ವಲ್ಲ. ಪಟ್ಟೆ ಅಂಗಿಯ ಕೆಳಗೆ ಇಟ್ಟು ಪೊಟ್ಟಣ ಕಟ್ಟಿದವಳೇ ನಾನು. ಹೀಗೆ ಮಡಚು, ನಂಬರು ಮೇಲೆ ಬರಲಿ ಅಂತ ಮುದುಕ ನಾಲ್ಕು ಸಲ ಬಿಚ್ಚಿಸಿ ಕಟ್ಟಿಸಿದ. ನಾಳೆ ಬೆಳಗ್ಗೆ ಫೋನ್ ಬರುತ್ತೆ, ಕಿವಿಗೆ ಹತ್ತಿ ಇಟ್ಕೊಂಡಿರು, ಕೂಗಾಡ್ತಾನೆ ಅಂದ. ಬೆಳಗ್ಗೆ ಬರಲಿಲ್ಲ. ಸಂಜೆಗೆ ಬರುತ್ತೆ ಅಂದ. ಒಂದು ವಾರ ಫೋನು ಜೇಬಲ್ಲಿ ಇಟ್ಕೊಂಡೇ ಮಲಗಿದ. ಆಮೇಲೆ ಆ ಮಾತು ಎತ್ತಬೇಡ ಅಂದ." ಅವಳು ಮೂಗೊರೆಸಿಕೊಂಡಳು. "ನಿಮಗೆ ಹಿಡಿಸಲಿಲ್ಲವೇನೋ ಅಂದ್ಕೊಂಡೆ. ಇದೆ ಅಲ್ವಾ?"

"ಇದೆ, ಇದೆ" ಅಂದ ಜೆಕ್ಷೆನ್. "ಇಲ್ಲದೆ ಏನು. ಈ ಗಲಾಟೇಲಿ ಮರೆತೇಬಿಟ್ಟಿದ್ದೆ."

ಮರೆತಿದ್ದೆ ಎಂಬ ಮಾತಿಗೆ ಕುಲಿಪಾ ತಲೆಯಾಡಿಸಿದಳು. ಅವಳ ಬೆನ್ನ ಹಿಂದೆ ನಿಂತಿದ್ದ ಬುರುಲ್ ಅಪ್ಪನ ಕಡೆ ನೋಡಿದಳು. ಅವಳು ಆ ಕೋಣೆಗೆ ತಿಂಗಳಿಗೊಮ್ಮೆಯಾದರೂ ಹೋಗುವವಳು. ಮೊಳೆ ಖಾಲಿಯಿರುವುದು ಅವಳಿಗೆ ಗೊತ್ತು.

ಮನೆಗೆ ಬಂದವನೇ ಉರ್ಕುಯಾಳನ್ನು ಬೀರುವಿನ ಮುಂದೆ ನಿಲ್ಲಿಸಿದ. ಅವಳ ತಲೆಯಲ್ಲಿ ಇಪ್ಪತ್ತು ವರ್ಷದ ಪೊಟ್ಟಣಗಳೂ ಬಣ್ಣ ಸಮೇತ ಇದ್ದವು.

"ಪಟ್ಟೆ ಅಂಗಿ. ನೀಲಿ ಬಿಳಿ. ಮೇಲೆ ಕಂದು ಟೋಪಿ" ಎಂದು ನೆನಪಿಸಿಕೊಂಡಳು. "ಅದು ಕೊಚ್ಕೋರಿಗೆ ಹೋಯ್ತು. ನನ್ನ ತಂಗಿ ಮಗಳು ಕೆನ್ಜೆಯನ್ನ ಕೊಟ್ಟ ಮನೆಗೆ. ಅವಳ ಮಾವನಿಗೆ."

"ಬಿಚ್ಚಿ ನೋಡಬಾರದಿತ್ತಾ?"

"ಯಾರು, ನಾನಾ? ಬಿಚ್ಚಿದವರು ನೀವು. ಮಾನ ಹೋಯ್ತು ಅಂತ ಎಂಟು ದಿನ ಊಟ ಬಿಟ್ಟವರೂ ನೀವೇ."

ಮಾರನೆ ವಾರ ನನ್ನ ಹಳೇ ಝಿಗುಲಿ ಕಾರಿನಲ್ಲಿ ಕೊಚ್ಕೋರಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಎರಡು ಹೊಸ ಪೊಟ್ಟಣ, ಒಂದು ಮಖಮಲ್ಲಿನ ನಿಲುವಂಗಿ, ಒಂದು ಡಬ್ಬಿ ಮಿಠಾಯಿ. ದಾರಿಯುದ್ದಕ್ಕೂ ಜೆಕ್ಷೆನ್ ಒಂದೇ ಲೆಕ್ಕದಲ್ಲಿದ್ದ: ಬಿಚ್ಚಿದ್ದಾರೋ ಇಲ್ಲವೋ. ಬಿಚ್ಚಿದ್ದರೆ ಮುದುಕ ಅದನ್ನು ಹಾಕಿಕೊಂಡು ಕುರಿ ಕಾಯ್ದು ಹರಿದಿರುತ್ತಾನೆ. ಬಿಚ್ಚದಿದ್ದರೆ ಅದು ಮುಂದೆ ದಾಟಿರುತ್ತದೆ.

"ಸಗಿಂಬಾಯ್ ಮೂರು ವರ್ಷ ನಿನ್ನ ಫೋನಿಗೆ ಕಾದ" ಅಂದೆ ನಾನು.

"ಒಂದು ಮಾತು ಹೇಳಬಾರದಿತ್ತಾ ಅವನು? ಬಿಚ್ಚಿ ನೋಡಿ ಬೀಗ್ರೇ, ಅಂತ. ಮೂರು ಶಬ್ದ."

"ನಿನ್ನದೂ ಮೂರೇ ಶಬ್ದ ಸಾಕಿತ್ತು. ಯಾಕೆ ಬರ್ತಿಲ್ಲ ನೀವು, ಅಂತ."

ಅವನು ಕಿಟಕಿಯ ಕಡೆ ತಿರುಗಿದ. ಹಿಮ ಬಿದ್ದ ಗುಡ್ಡಗಳನ್ನು ಇಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಕೆನ್ಜೆಯ ಮಾವ ದನದ ಸಂತೆಗೆ ಹೋಗಿದ್ದರು. ಅತ್ತೆ ಬತ್ಮಾ ಇದ್ದರು. ಗಟ್ಟಿ ಹೆಂಗಸು, ಬಲಗಣ್ಣು ಸ್ವಲ್ಪ ಕಿರಿದು ಮಾಡಿ ಮಾತಾಡುವವರು, ಎದುರಿಗಿದ್ದವರನ್ನು ತೂಕಕ್ಕೆ ಹಾಕಿದ ಹಾಗೆ. ನಮ್ಮನ್ನು ಅತಿಥಿಗಳಿಗೆ ಮೀಸಲಾದ ಮೇಲಿನ ಜಾಗದಲ್ಲಿ ಕೂರಿಸಿದರು. ಕರಿದ ಹಿಟ್ಟಿನ ಬೋರ್ಸೋಕ್ ಸುರಿದರು, ಬೆಣ್ಣೆ, ಜಾಮು, ಬೇಯಿಸಿದ ಕುರಿಮಾಂಸ. ಕೆನ್ಜೆ ಚಹಾ ಹೊಯ್ಯುತ್ತಿದ್ದಳು, ಅರ್ಧರ್ಧ ಬಟ್ಟಲು. ಆ ಮನೆಗೆ ಬಂದು ನಾಲ್ಕು ವರ್ಷವಾದರೂ ಅತ್ತೆ ಕೆಮ್ಮಿದರೆ ಬೆಚ್ಚುತ್ತಿದ್ದಳು.

ಹವಾಮಾನ, ಹುಲ್ಲಿನ ಬೆಲೆ, ಸತ್ತವರು, ಹುಟ್ಟಿದವರು ಎಲ್ಲ ಮುಗಿದ ಮೇಲೆ ಜೆಕ್ಷೆನ್ ವಿಷಯಕ್ಕೆ ಬಂದ. ಮೂರು ವರ್ಷದ ಹಿಂದೆ ಕೊಟ್ಟ ಪೊಟ್ಟಣ, ಪಟ್ಟೆ ಅಂಗಿ, ಕಂದು ಟೋಪಿ.

"ಇದೆ" ಅಂದರು ಬತ್ಮಾ. "ಮುಂದಿನ ತಿಂಗಳು ಸಣ್ಣ ಮಗನ ಮದುವೆ. ಅದಕ್ಕೆ ಎತ್ತಿಟ್ಟಿದೀನಿ."

ಜೆಕ್ಷೆನ್ ಕೈಲಿದ್ದ ಬಟ್ಟಲು ಕೆಳಗಿಟ್ಟ.

"ಅಕ್ಕಾ, ಅದರಲ್ಲಿ ಅಳತೆ ತಪ್ಪಾಗಿದೆ. ನಮ್ಮವಳು ಈಗ ನೆನಪು ಮಾಡ್ಕೊಂಡ್ಳು. ಅದನ್ನ ಕೊಟ್ಟುಬಿಡಿ. ಬದಲಿಗೆ ಎರಡು ತಂದಿದೀನಿ. ಮದುವೆಗೆ ಇವೇ ಚೆನ್ನ."

ಬತ್ಮಾರ ಬಲಗಣ್ಣು ಇನ್ನಷ್ಟು ಕಿರಿದಾಯಿತು.

"ಎರಡು ಕೊಟ್ಟು ಒಂದು ತಗೊಳ್ಳೋರನ್ನ ನಾನು ಇದುವರೆಗೆ ನೋಡಿಲ್ಲ. ಕೆನ್ಜೆ, ತಗೊಂಡು ಬಾ."

ಹಾಸಿಗೆಗಳ ಒಟ್ಟಿಲಿನ ಕೆಳಗಿನ ಪೆಟ್ಟಿಗೆಯಿಂದ ಪೊಟ್ಟಣ ಬಂತು. ಜೆಕ್ಷೆನ್ ಕೈ ಚಾಚಿದ. ಬತ್ಮಾ ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕುರಿ ಸುಲಿಯುವಷ್ಟು ಸರಾಗವಾಗಿ ದಾರ ಕಿತ್ತರು. ಟೋಪಿ ಪಕ್ಕಕ್ಕಿಟ್ಟರು. ಪಟ್ಟೆ ಅಂಗಿ ಎತ್ತಿದರು. ಕೆಳಗೆ ಬೆನ್ನು ಮೇಲಾಗಿ ಮಡಚಿದ ಕೆಂಪಂಗಿ. ನಾಲ್ಕು ನೆಟ್ಟಗೆ ನಡುವೆ ಕೂತಿತ್ತು. ಬತ್ಮಾ ಅದನ್ನು ಬಿಡಿಸಿ ಬೆಳಕಿಗೆ ಹಿಡಿದರು. ಕಂಕುಳಲ್ಲಿ ಬಿಟ್ಟುಹೋದ ಬಣ್ಣ, ಸಡಿಲಾದ ಕತ್ತು, ಭುಜದ ಮೇಲೆ ಮೀನುದಾರದ ಹೊಲಿಗೆ.

"ಇದು ಯಾರ ಮೈಮೇಲಿದ್ದದ್ದು?"

ಕೆನ್ಜೆ ಚಹಾದ ಕೆಟಲನ್ನು ಎದೆಗೆ ಒತ್ತಿಕೊಂಡು ನಿಂತಳು. ಬೀಗರಿಗೆ ಹಾಕಿ ಬಿಟ್ಟ ಬಟ್ಟೆ ಕೊಡುವುದೆಂದರೇನೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ನಾನು ಇದನ್ನ ಮುಂದಿನ ತಿಂಗಳು ಹೊಸ ಬೀಗರ ಕೈಗೆ ಕೊಡ್ತಿದ್ದೆ" ಅಂದರು ಬತ್ಮಾ. ದನಿ ಏರಿಸಲಿಲ್ಲ. "ಅವರು ಬಿಚ್ಚಿದ್ರೆ?"

"ಅಕ್ಕಾ, ಇದು ಬೆಲೆ ಬಾಳೋ ಅಂಗಿ" ಎಂದು ಶುರುಮಾಡಿದ ಜೆಕ್ಷೆನ್. "ನಮ್ಮ ದೇಶದ ತಂಡದ್ದು. ಮೊದಲನೇ ವರ್ಷದ್ದು. ಇಂಥದ್ದು ಇನ್ನೊಂದು..."

"ಅಷ್ಟು ಬೆಲೆ ಬಾಳೋದಾದ್ರೆ ಕೊಟ್ಟದ್ದನ್ನ ವಾಪಸ್ ಕೇಳೋಕೆ ಬಂದ್ರಾ? ಇರಲಿ ಬಿಡಿ, ನಮ್ಮ ಮನೇಲೇ ಇರಲಿ, ಮೊಮ್ಮಗ ಹಾಕ್ಕೊಳ್ತಾನೆ. ಬೆಲೆ ಬಾಳೋದಲ್ಲ ಅಂದ್ರೆ, ಈ ಚಿಂದಿ ನಮಗೆ ಯಾಕೆ ಕೊಟ್ರಿ? ನಿಮ್ಮ ಹುಡುಗಿ ಈ ಮನೇಲಿ ಚಿಂದಿ ಉಡ್ತಾಳಾ?"

ಮೂವತ್ತು ವರ್ಷ ಕರಡು ತಿದ್ದಿದವನು ನಾನು. ಇಷ್ಟು ತಪ್ಪಿಲ್ಲದ ವಾಕ್ಯ ಕಂಡದ್ದು ಕಡಿಮೆ. ಯಾವ ಕಡೆಯಿಂದಲೂ ಬಾಗಿಲಿರಲಿಲ್ಲ. ಜೆಕ್ಷೆನ್ ಅಂಗಿಯನ್ನು ನೋಡಿದ, ಕೆನ್ಜೆಯನ್ನು ನೋಡಿದ, ಮತ್ತೆ ಅಂಗಿಯನ್ನು ನೋಡಿದ. ಅದು ಬತ್ಮಾರ ಮುಷ್ಟಿಯಲ್ಲಿ ಮುದುಡಿಕೊಂಡಿತ್ತು. ಅವನ ಪ್ರಾಣವೆಲ್ಲ ಆ ಹೊಲಿಗೆಯ ಮೇಲಿತ್ತು, ಕಿತ್ತುಬಿಟ್ಟಾರೆಂದು.

"ನಾನು ಬಿಚ್ಚಿ ನೋಡಿರಲಿಲ್ಲ ಅಕ್ಕಾ" ಅಂದ.

ಆಡಬಾರದ ಮಾತನ್ನು ಆಡಿದ್ದ. ಬತ್ಮಾ ಆ ಮಾತನ್ನು ಪಕ್ಕಕ್ಕೆ ತಳ್ಳಿದರು. "ಯಾರೂ ನೋಡಲ್ಲ. ಅದು ಬಿಡಿ. ಕಟ್ಟಿದವನಿಗೆ ಗೊತ್ತಿರುತ್ತಲ್ಲ. ಯಾರು ಕೊಟ್ಟದ್ದು ನಿಮಗೆ?"

"ನನ್ನ ಬೀಗ. ಸಗಿಂಬಾಯ್."

"ಮೊನ್ನೆ ಮಣ್ಣು ಮಾಡಿದ್ರಲ್ಲ, ಅವರಾ?"

"ಹೂಂ." ಜೆಕ್ಷೆನ್ ತುಟಿ ಒರೆಸಿಕೊಂಡ. "ಸ್ವಲ್ಪ ಜಿಪುಣ ಮನುಷ್ಯ. ಸತ್ತವರ ವಿಷಯ ಆಡಬಾರದು. ಮೇಲೆ ಒಂದು ಹೊಸದಿಟ್ಟು, ಕೆಳಗೆ ಮನೇಲಿ ಬಿದ್ದಿದ್ದ ಹಳೇದು ಸುತ್ತಿ ಕೊಟ್ಟಿದಾನೆ. ನಾನೇನು ಮಾಡಲಿ ಅಕ್ಕಾ, ಗೊತ್ತಾದ ತಕ್ಷಣ ಓಡಿ ಬಂದೆ. ನಿಮ್ಮ ಮಾನ ಹೋಗಬಾರದು ಅಂತ. ಈ ಚಿಂದೀನ ತಗೊಂಡು ಹೋಗಿ ಅವರ ಮನೆಗೇ ಎಸೆದು ಬರ್ತೀನಿ."

ಬತ್ಮಾ ನನ್ನ ಕಡೆ ತಿರುಗಿದರು. "ನೀವು ಓದಿದವರ ಹಾಗೆ ಕಾಣ್ತೀರಿ. ಅವರನ್ನ ಬಲ್ಲಿರಾ? ಅಂಥವರಾ ಅವರು?"

ನನ್ನ ಬಾಯಲ್ಲಿ ಮೂಳೆಯಿತ್ತು. ಎದುರಿಗೆ ಕೆನ್ಜೆ ನಿಂತಿದ್ದಳು. ನಾನು ತಲೆಯಾಡಿಸಿದೆ. ಹೌದೆಂದೂ ತಿಳಿಯಬಹುದು, ಅಲ್ಲವೆಂದೂ ತಿಳಿಯಬಹುದು ಎಂಬ ಹಾಗೆ ಆಡಿಸಿದೆನೆಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ಬತ್ಮಾ ಹೌದೆಂದೇ ತಿಳಿದರು. ಅಂಗಿಯನ್ನು ಮುದ್ದೆ ಮಾಡಿ ಜೆಕ್ಷೆನ್‌ನ ತೊಡೆಯ ಮೇಲೆ ಹಾಕಿದರು. ಕೆನ್ಜೆ ಉಸಿರು ಬಿಟ್ಟು ನಮಗೆ ಮತ್ತೆ ಅರ್ಧ ಬಟ್ಟಲು ಹೊಯ್ದಳು.

ವಾಪಸ್ ಬರುವಾಗ ಅವನು ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದ. ಒಳಮಗ್ಗುಲು ಮಾಡಿದ, ಹೊಲಿಗೆ ಎಣಿಸಿದ, ಮೂಸಿದ.

"ಇನ್ನೂ ಬಾರ್‌ಸೋಪಿನ ವಾಸನೆ ಇದೆ" ಅಂದ. ಕಣ್ಣಲ್ಲಿ ನೀರಿತ್ತು. ಸ್ವಲ್ಪ ದೂರ ಹೋದಮೇಲೆ, "ಸತ್ತವನಿಗೆ ಏನು ಕೇಳಿಸುತ್ತೆ? ಆ ಹುಡುಗಿ ಬದುಕಬೇಕಲ್ಲ ಆ ಮನೇಲಿ" ಅಂದ.

ಹುಡುಗಿ ಬದುಕಬೇಕು ಎಂಬುದು ನಿಜವೇ. ಆದರೆ ಹುಡುಗಿಯನ್ನು ಆ ಇಕ್ಕಟ್ಟಿಗೆ ತಂದವರು ನಾವೇ. ಹೋಗದಿದ್ದರೆ ಪೊಟ್ಟಣ ಇನ್ನೂ ನಾಲ್ಕು ಮನೆ ಸುತ್ತಿ ಎಲ್ಲರ ಮಾನವನ್ನೂ ಕಾಪಾಡುತ್ತಿತ್ತು. ನಾನು ಇದನ್ನು ಹೇಳಲಿಲ್ಲ. ಕಾರಿನ ಹೀಟರು ಕೆಟ್ಟಿತ್ತು, ಅದರ ಬಗ್ಗೆ ಮಾತಾಡಿದೆ.

ಕೊಚ್ಕೋರಿನಿಂದ ಬಿಷ್ಕೆಕ್ಕಿಗೆ ಕಾರಿನಲ್ಲಿ ನಾಲ್ಕು ಗಂಟೆ. ಬತ್ಮಾರ ಮಾತು ಅದಕ್ಕಿಂತ ಬೇಗ ಬಂದಿರಬೇಕು. ಹೆಂಗಸರ ಫೋನುಗಳಲ್ಲಿ ದನಿ ಮುದ್ರಿಸಿ ಕಳಿಸುವ ಅನುಕೂಲ ಬಂದಮೇಲೆ ನಮ್ಮಲ್ಲಿ ಒಂದು ಸುದ್ದಿ ಹೇಳಿದವರ ಬಾಯಿಂದಲೇ, ಅವರ ಕೆಮ್ಮಿನ ಸಮೇತ, ಎಲ್ಲರಿಗೂ ತಲುಪುತ್ತದೆ. ಬತ್ಮಾರಿಂದ ಅವರ ತಂಗಿಗೆ, ತಂಗಿಯಿಂದ ಅವಳ ಬೀಗಿತಿಗೆ, ಅಲ್ಲಿಂದ ನಮ್ಮ ಊರಿನ ಬಜಾರಿಗೆ. ಸಗಿಂಬಾಯ್ ಅನ್ನೋನು ಬೀಗರಿಗೆ ಚಿಂದಿ ಸುತ್ತಿ ಕೊಡ್ತಿದ್ದನಂತೆ, ಸ್ವಂತ ಬೀಗನೇ ಹೇಳಿದ.

ಸಾವಿನ ನಲವತ್ತನೇ ದಿನದ ಊಟಕ್ಕೆ ಹೋದಾಗ ಕುಲಿಪಾಳ ಮನೆ ತುಂಬಿತ್ತು. ಜೆಕ್ಷೆನ್ ತುಪ್ಪಳದ ಕಾಲರಿನ ಓವರ್‌ಕೋಟು ಹಾಕಿಕೊಂಡೇ ಬಂದಿದ್ದ. ಅವನನ್ನು ಎಂದಿನ ಹಾಗೆ ಮೇಲಿನ ಜಾಗದಲ್ಲೇ ಕೂರಿಸಿದರು, ಹಿರಿಯರಿಗೆ ಸಲ್ಲುವ ದೊಡ್ಡ ಮೂಳೆಯನ್ನೇ ಮುಂದಿಟ್ಟರು. ಕುರಾನು ಓದಿದರು. ಸಾರು ಬಂತು. ಎಲ್ಲ ಸರಿಯಾಗಿಯೇ ಇದೆ ಎಂದು ಅವನು ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ.

ಆಮೇಲೆ ಬೀಗರಿಗೆ ಕಿಯಿತ್. ಪೊಟ್ಟಣಗಳು ಕೈಯಿಂದ ಕೈಗೆ ಹೋದವು, ಪಡೆದವರು ಪಕ್ಕಕ್ಕಿಟ್ಟುಕೊಂಡರು. ಜೆಕ್ಷೆನ್‌ನದನ್ನು ಕುಲಿಪಾ ಬೇರೆಯವರ ಕೈಲಿ ಕೊಡಿಸಲಿಲ್ಲ. ತಾನೇ ಎದ್ದು ಬಂದು ಅವನ ಮುಂದೆ ಮೊಣಕಾಲೂರಿ ಕೂತಳು. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದಳು. ಅಂಗಿಯ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ಪಿನ್ನು ತಟ್ಟೆಗೆ ತಾಗುವುದು ಮನೆಯೆಲ್ಲ ಕೇಳುತ್ತಿತ್ತು. ಕಾಲರಿನ ಒಳಗಿನ ರಟ್ಟು ಎಳೆದಳು. ಅಂಗಿ ಬಿಡಿಸಿ, ಮುಂದೆ ಒಮ್ಮೆ, ಹಿಂದೆ ಒಮ್ಮೆ, ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದಳು.

"ನೋಡ್ಕೊಳ್ಳಿ ಬೀಗ್ರೇ. ಹೊಸದು" ಅಂದಳು. "ಕಂಕುಳು ನೋಡಿ. ಕತ್ತು ನೋಡಿ. ನಲವತ್ತಮೂರು. ಬೆಲೆಯ ಚೀಟಿ ಕೀಳಲಿಲ್ಲ, ನಿಮಗೆ ಅನುಮಾನ ಬರಬಾರದು ಅಂತ. ಹಾಕ್ಕೊಳ್ಳಿ."

"ಬೀಗಿತಿ, ಮನೆಗೆ ಹೋಗಿ..."

"ಇಲ್ಲೇ ಹಾಕ್ಕೊಳ್ಳಿ. ನಮ್ಮ ಮನೇದು ಬೇರೆಯವರ ಮನೆಗೆ ಹೋಗೋದು ಬೇಡ."

ಅವನು ಓವರ್‌ಕೋಟು ಬಿಚ್ಚಿದ. ಸ್ವೆಟರಿನ ಮೇಲೆಯೇ ಅಂಗಿ ತೊಟ್ಟುಕೊಂಡ. ಗುಂಡಿ ಹಾಕಲು ಬೆರಳು ಬಗ್ಗದೆ ಎರಡನ್ನು ತಪ್ಪು ಕಾಜಕ್ಕೆ ಹಾಕಿದ. ಕುಲಿಪಾ ಅವನ ಕಾಲರನ್ನು ಎಳೆದು ಸರಿಮಾಡಿ, "ಒಪ್ಪುತ್ತೆ" ಎಂದು ಎದ್ದು ಹೋದಳು. ಮಾತುಗಳು ಮತ್ತೆ ಶುರುವಾದವು. ಹುಲ್ಲು, ಹಿಮ, ದಾರಿ. ಜೆಕ್ಷೆನ್ ಬಗ್ಗಿ ಸಾರು ಕುಡಿಯತೊಡಗಿದ. ಬೆಲೆಯ ಚೀಟಿ ತೋಳಿನಿಂದ ಜೋತು ಸಾರಿನಲ್ಲಿ ಅದ್ದಿತು. ಪಕ್ಕದಲ್ಲಿ ಕೂತವರೆಲ್ಲ ನೋಡಿದರು. ನಾನೂ ನೋಡಿದೆ.

ಬುರುಲ್ ಚಹಾ ಹೊಯ್ಯುತ್ತಾ ಬಂದಳು. ನನಗೆ ಅರ್ಧ ಬಟ್ಟಲು. ನನ್ನ ಎಡಕ್ಕಿದ್ದವರಿಗೆ ಅರ್ಧ. ಅಪ್ಪನ ಮುಂದೆ ಬಂದು ಬಟ್ಟಲು ಎತ್ತಿಕೊಂಡಳು. ಅವನು ಮುಖವೆತ್ತಿ, "ಮಗಳೇ, ಅದನ್ನ ಮೊಳೆಗೆ ಹಾಕಿದೀನಿ, ಬಂದು ನೋಡು" ಅಂದ, ಮೆಲ್ಲಗೆ. ಅವಳು ಕೆಟಲನ್ನು ಬಗ್ಗಿಸಿ, ಅಂಚಿನಿಂದ ಒಂದು ಹನಿಯೂ ಚೆಲ್ಲದ ಹಾಗೆ, ತುಂಬ ಎಚ್ಚರದಿಂದ ಕಂಠಮಟ್ಟ ಹೊಯ್ದಳು. ಎರಡೂ ಕೈಯಿಂದ ಅವನ ಮುಂದೆ ಇಟ್ಟಳು.